ತಿರುಗುವವನಿಗೊಂದು ಎಡೆ

ನಾಲ್ಕು ದಾರಿಗಳು ಕೂಡುವ ಸ್ಥಳಕ್ಕೆ ಅಮರಕೋಶವು ಶೃಂಗಾಟಕವೆಂಬ ಹೆಸರನ್ನೂ ಕೊಡುತ್ತದೆ. ಕೊಂಬುಗಳುಳ್ಳ ಒಂದು ನೀರುಕಾಯಿಗೂ ಅದೇ ಹೆಸರುಂಟು. ಮೋಟಾರು ಬಂದ ಮೇಲೆ ಈ ಕೊಂಬುಗಳು ಹೇಗೆ ತಿವಿಯತೊಡಗಿದವು, ಅವನ್ನು ಮೊಂಡುಮಾಡಲು ಏನೇನು ಯತ್ನ ನಡೆಯಿತು ಎಂಬುದನ್ನು ತಿಳಿಯಬೇಕಾದರೆ ವಾಚಕರು ಅಮೆರಿಕದ ಮಿಷಿಗನ್ ಸಂಸ್ಥಾನದತ್ತ ನೋಡಬೇಕು. ಹೆನ್ರಿ ಫೋರ್ಡನು 1908ರಲ್ಲಿ ಜನಸಾಮಾನ್ಯರ ಕಾರನ್ನು ಹೊರತಂದುದು ಅಲ್ಲಿನ ಡೆಟ್ರಾಯಿಟ್ ನಗರದಲ್ಲಿ. ಒಂದು ಮಾತನ್ನು ಮಾತ್ರ ನೆನಪಿನಲ್ಲಿಡಿ: ಅಲ್ಲಿ ವಾಹನಗಳು ಬಲಗಡೆ ಓಡುತ್ತವೆ. ಎದುರಿನವರನ್ನು ಅಡ್ಡಹಾಯಬೇಕಾದ ತಿರುವು ನಮಗೆ ಬಲದ್ದಾದರೆ ಅವರಿಗೆ ಎಡದ್ದು.

1911ರಲ್ಲಿ ಅಲ್ಲಿನ ವೇಯ್ನ್ ಕೌಂಟಿಯ ರಸ್ತೆಮಂಡಲಿಯ ಎಡ್ವರ್ಡ್ ಹೈನ್ಸ್ ಎಂಬವರು ರಸ್ತೆಯ ನಡುವೆ ಬಿಳಿಯ ಗೆರೆ ಎಳೆಸಿದರು. ಗಾಡಿಯಿಂದ ಸೋರಿದ ಹಾಲಿನ ಜಾಡನ್ನು ಕಂಡು ಅವರಿಗೆ ಇದು ಹೊಳೆಯಿತೆಂದು ಪ್ರತೀತಿ. 1920ರಲ್ಲಿ ಡೆಟ್ರಾಯಿಟಿನ ಪೋಲೀಸು ಅಧಿಕಾರಿ ವಿಲಿಯಂ ಪಾಟ್ಸ್ ನಾಲ್ಕು ಮುಖಗಳ, ಮೂರು ಬಣ್ಣಗಳ ವಿದ್ಯುದ್ದೀಪವನ್ನು ನಿಲ್ಲಿಸಿದರು. ಗೆರೆಯು ಎದುರುಬದುರು ಬರುವವರನ್ನು ಬೇರ್ಪಡಿಸಿತು. ದೀಪವು ಅಡ್ಡ ಬರುವವರನ್ನು ತಡೆಯಿತು. ಹಿಂದಿನಿಂದ ಬರುವವನ ವಿಷಯ?

ಎಡಕ್ಕೆ ತಿರುಗಬೇಕಾದವನು ಎದುರಿನ ಸಾಲಿನಲ್ಲಿ ತೆರಪು ಸಿಗುವವರೆಗೆ ಕಾಯಲೇಬೇಕು. ಎಲ್ಲಿ ಕಾಯಬೇಕು? ನೆಟ್ಟಗೆ ಹೋಗುವವರ ಸಾಲಿನ ನಡುಮಧ್ಯದಲ್ಲಿಯೇ! ಗಂಟೆಗೆ 60 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಹಿಂದಿನವನ ಕಾಲು ಬ್ರೇಕನ್ನು ಮುಟ್ಟುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಹೀಗೆ ನಿಯಮ ಪಾಲಿಸಿ ನಿಂತವನೇ ಬೆನ್ನಿಗೆ ಪೆಟ್ಟು ತಿನ್ನುತ್ತಾನೆ. ಚಾಲಕನ ಅಜಾಗರೂಕತೆ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಒಂದೇ ಕೂಡುರಸ್ತೆಯಲ್ಲಿ ಹತ್ತಾರು ಮಂದಿ ಅಜಾಗರೂಕರಾಗುತ್ತಿದ್ದರೆ ಆ ರಸ್ತೆಯನ್ನೂ ವಿಚಾರಿಸಬೇಡವೇ?

ವಿಚಾರಿಸಿದವರು ಕಂಡ ಉಪಾಯ ಸರಳವಾದುದು: ತಿರುಗುವವನು ನಿಂತು ಕಾಯಲು ಬೇರೊಂದು ಸಾಲು. ಅಮೆರಿಕದ ಕೇಂದ್ರ ಹೆದ್ದಾರಿ ಇಲಾಖೆಯು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಫಲ ತಿಳಿಯುತ್ತದೆ. ಎಡತಿರುವಿನ ಸಾಲನ್ನು ಸೇರಿಸಿದ ಮೇಲೆ, ದೀಪವಿಲ್ಲದ ಹಳ್ಳಿಗಾಡಿನ ಮೂರುದಾರಿಗಳಲ್ಲಿ ಒಟ್ಟು ಅಪಘಾತಗಳು ನೂರಕ್ಕೆ 44ರಷ್ಟು, ನಾಲ್ಕುದಾರಿಗಳಲ್ಲಿ 28ರಷ್ಟು ಇಳಿದವು. ದೀಪವಿರುವ ನಗರದ ನಾಲ್ಕುದಾರಿಗಳಲ್ಲಿ ಇಳಿದದ್ದು 10ರಷ್ಟೇ.

ಹಾಗೆಂದು ಬಣ್ಣ ಬಳಿದು ಬಾಣದ ಗುರುತು ಬರೆದರೆ ಮುಗಿಯಲಿಲ್ಲ. ಸಾಲು ಗಿಡ್ಡವಾದರೆ ಕಾಯುವವರ ಬಾಲವು ನೆಟ್ಟಗೆ ಹೋಗುವವರ ದಾರಿಗೆ ಚಾಚಿಕೊಳ್ಳುತ್ತದೆ. ಆಗ ಅದೇ ಹಳೆಯ ಕಥೆ. ಮಿಷಿಗನ್ನಿನವರು 1960ರ ದಶಕದಲ್ಲಿ ಕೆಲವು ಅಗಲ ರಸ್ತೆಗಳಲ್ಲಿ ಎಡತಿರುವನ್ನೇ ಕೂಡುಸ್ಥಳದಿಂದ ಹೊರಗಟ್ಟಿದರು. ತಿರುಗಬೇಕಾದವನು ನೆಟ್ಟಗೆ ದಾಟಿಹೋಗಿ, ನಡುವಿನ ಪಟ್ಟಿಯಲ್ಲಿ ಬಿಟ್ಟಿರುವ ಬಾಗಿಲಿನಲ್ಲಿ ಹಿಂತಿರುಗಿ, ಮರಳಿ ಬಂದು ಬಲಕ್ಕೆ ಹೊರಳುತ್ತಾನೆ. ಸುತ್ತುಬಳಸೇನೋ ಹೌದು, ಆದರೆ ಕೂಡುಸ್ಥಳದ ನಡುವೆ ತೆರಪಿಗಾಗಿ ನಿಲ್ಲುವವನೇ ಇಲ್ಲ.

ಸುಲಭದ ತಿರುವಿನಲ್ಲಿಯೂ ಒಂದು ಕೊಂಬುಂಟು. ಅಮೆರಿಕದಲ್ಲಿ ಬಲಕ್ಕೆ ನುಣ್ಣಗೆ ಬಾಗಿ ಹೊರಳುವ ಪ್ರತ್ಯೇಕ ದಾರಿಯಿರುವಂತೆ ನಮ್ಮ ಬೆಂಗಳೂರಿನಲ್ಲಿ ‘ಫ್ರೀ ಲೆಫ್ಟ್’ ಇದೆ. ಬಾಗು ಬಹಳ ನುಣ್ಣಗಿದ್ದರೆ ಚಾಲಕನು ಅಡ್ಡರಸ್ತೆಯಲ್ಲಿ ಬರುವವರನ್ನು ನೋಡಲು ಕತ್ತನ್ನು ಪೂರಾ ಹಿಂದಕ್ಕೆ ಹೊರಳಿಸಬೇಕು. ಅವನ ಹಿಂದಿರುವವನೂ ಆ ಕಡೆಗೇ ಕತ್ತು ಹೊರಳಿಸಿರುತ್ತಾನೆ. ಮುಂದಿನವನು ಹೊರಟಂತೆ ಮಾಡಿ ಅಳುಕಿ ನಿಲ್ಲುತ್ತಾನೆ. ಹಿಂದಿನವನು ಅವನು ಹೋದನೆಂದೇ ನಂಬಿ ಹೊರಡುತ್ತಾನೆ. ಆದಕಾರಣ ಈಗ ಕೆಲವು ಕಡೆ ಬಾಗನ್ನು ಮೊಟಕುಮಾಡಿ, ವಾಹನವು ಅಡ್ಡರಸ್ತೆಯನ್ನು ಹೆಚ್ಚು ನೇರವಾಗಿ ಎದುರಿಸಿ ನಿಲ್ಲುವಂತೆ ಕಟ್ಟುತ್ತಾರೆ. ಆಗ ಮುಂದಿನ ವಾಹನವೂ ಅಡ್ಡ ಬರುವ ವಾಹನವೂ ಹೆಚ್ಚುಕಡಿಮೆ ಒಂದೇ ನೋಟದಲ್ಲಿ ಕಾಣುತ್ತವೆ.