ಯಾದಗಿರಿ ಸೀಮೆಯ ಬೆಟ್ಟ ಚಾರಣ
ಯಾದಗಿರಿ ಜಿಲ್ಲೆಯ (ರಚನೆ: 2009) ಯಾದಗಿರಿ, ಶಹಾಪುರ, ಸುರಪುರಗಳ ಗ್ರಾನೈಟ್ ಗುಡ್ಡಗಳಲ್ಲಿ ಪ್ರವಾಸಿಗರು ಕೈಗೊಳ್ಳುವ ಬೆಟ್ಟ ಹತ್ತುವಿಕೆ ಮತ್ತು ಕೋಟೆ ಸುತ್ತಾಟ. ಇಲ್ಲಿ ಮಲೆನಾಡಿನ ನೆರಳಿನ ಕಾಡುಹಾದಿಯಿಲ್ಲ. ಬಿಸಿಲಿಗೆ ಮೈಯೊಡ್ಡಿದ ದುಂಡು ಬಂಡೆ, ಅವುಗಳ ಸಂದಿಯಲ್ಲಿ ಮುಳ್ಳುಗಂಟಿ.

ಹೊಸಬರಿಗೆ ಯಾದಗಿರಿ ಕೋಟೆಯೇ ಒಳ್ಳೆಯ ಆರಂಭ. ಊರಿನ ಮಗ್ಗುಲಲ್ಲೇ ಎದ್ದ ಗುಡ್ಡವಿದು. ಸುತ್ತುಗೋಡೆಗಳ ಬಾಗಿಲು ದಾಟಿ ಮೆಟ್ಟಿಲೇರಿದರೆ ಗುಡಿ, ಮಸೀದಿ, ಕಲ್ಲಲ್ಲಿ ಕಡಿದ ಹೊಂಡಗಳು ಸಿಗುತ್ತವೆ. ಬುರುಜಿನ ಮೇಲೆ ಹಳೆಯ ತೋಪುಗಳು ಈಗಲೂ ಬಯಲಿನತ್ತ ಬಾಯಿ ಮಾಡಿಕೊಂಡಿವೆ. ಅಷ್ಟು ಎತ್ತರದಲ್ಲಿ ನೀರು ಹಿಡಿದಿಟ್ಟವರ ಜಾಣ್ಮೆ ನಿಂತು ನೋಡುವಂಥದ್ದು.

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಾಗಿ ಕಾಣುತ್ತದೆ: ಹಣೆ, ಮೂಗು, ಗದ್ದ, ಎದೆ ಎಲ್ಲ ಸ್ಪಷ್ಟ. ಬೆಟ್ಟವೇರಿದವರಿಗೆ ಈ ರೂಪ ದಕ್ಕದು. ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1844ರಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಇದೆ. ಇದೇ ತಾಲ್ಲೂಕಿನಲ್ಲಿ ಬೋನಾಳ ಪಕ್ಷಿಧಾಮವೂ ಇದೆ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಸೂಕ್ತ ಕಾಲ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಬಂಡೆ ಹೊತ್ತು ಮುಳುಗಿದರೂ ಕಾದೇ ಇರುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲು ಜಾರುತ್ತದೆ. ನಸುಕಿನಲ್ಲೇ ಹೊರಟು, ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು.