ಲಾಪ್ಲಾಸನಿಗೊಬ್ಬ ಟೀಕಾಕಾರ

ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನು ‘ಮೆಕಾನಿಕ್ ಸೆಲೆಸ್ತ್’ ಎಂಬ ಮಹಾಗ್ರಂಥದ ಮೊದಲ ನಾಲ್ಕು ಸಂಪುಟಗಳನ್ನು 1799ರಿಂದ 1805ರೊಳಗೆ ಪ್ರಕಟಿಸಿದನು. ಆಕಾಶಕಾಯಗಳು ಒಂದನ್ನೊಂದು ಸೆಳೆಯುತ್ತ ತಮ್ಮ ತಮ್ಮ ಕಕ್ಷೆಗಳಲ್ಲಿ ಹೇಗೆ ಚಲಿಸುವವೆಂಬುದನ್ನು ನ್ಯೂಟನ್ನನ ಗುರುತ್ವ ನಿಯಮದಿಂದ ಹೊರಡಿಸಿ ತೋರಿಸಿದ ಗ್ರಂಥವದು. ಒಂದು ಉದಾಹರಣೆಯನ್ನು ನೋಡೋಣ. ಗುರುಗ್ರಹವು ಸೂರ್ಯನನ್ನು ಐದು ಸಲ ಸುತ್ತುವಷ್ಟರಲ್ಲಿ ಶನಿಯು ಎರಡು ಸುತ್ತುಗಳನ್ನು ಮುಗಿಸುತ್ತದೆ. ಆದರೆ ಲೆಕ್ಕ ಪೂರ್ತಿ ಸರಿಹೊಂದುವುದಿಲ್ಲ. 59.3 ವರ್ಷ ಒಂದು ಕಡೆ, 58.9 ವರ್ಷ ಇನ್ನೊಂದು ಕಡೆ. ಈ ಅಲ್ಪ ವ್ಯತ್ಯಾಸದ ಫಲವಾಗಿ ಇವೆರಡರ ಗತಿಯಲ್ಲಿ ಸುಮಾರು 900 ವರ್ಷಗಳ ಅವಧಿಯ ಏರುಪೇರು ತೋರುತ್ತದೆ. ಇದನ್ನು ಬಿಡಿಸಿದ ಕೀರ್ತಿ ಲಾಪ್ಲಾಸನದು.

ಆದರೆ ಓದುವವನಿಗೆ ಈ ಗ್ರಂಥ ಕಬ್ಬಿಣದ ಕಡಲೆಯೇ ಸರಿ. ನಡುವಣ ಎಷ್ಟೋ ಹೆಜ್ಜೆಗಳನ್ನು ನುಂಗಿ, ‘ಇದು ಸುಲಭವಾಗಿ ಕಾಣುತ್ತದೆ’ ಎಂಬರ್ಥದ ಮಾತೊಂದನ್ನು ಬರೆದು ಗ್ರಂಥಕಾರನು ಮುಂದೆ ಸಾಗಿಬಿಡುತ್ತಾನೆ. ಕರಿಹಲಗೆಯ ಮುಂದೆ ನಾವೂ ಎಷ್ಟು ಸಲ ಹೀಗೆ ಮಾಡಿಲ್ಲ!

ಆ ಹೆಜ್ಜೆಗಳನ್ನು ತುಂಬಿಕೊಟ್ಟವನು ನಥಾನಿಯಲ್ ಬೌಡಿಚ್. 1773ರಲ್ಲಿ ಸೇಲಮಿನಲ್ಲಿ ಹುಟ್ಟಿದವನು. ಇದು ನಮ್ಮ ನೆರೆಯ ಸೇಲಮಲ್ಲ, ಅಮೆರಿಕದ ಮಸಾಚುಸೆಟ್ಸಿನ ರೇವುಪಟ್ಟಣ. ಬಡತನದಿಂದಾಗಿ ಹತ್ತನೆಯ ವಯಸ್ಸಿಗೇ ಶಾಲೆ ಬಿಟ್ಟು, ಪೀಪಾಯಿ ಮಾಡುವ ತಂದೆಯ ಕೆಲಸಕ್ಕೆ ಕೈಜೋಡಿಸಿದನು. ಬಳಿಕ ಹಡಗಿನ ಸಾಮಾನಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ನಿಂತನು. ಇಂಗ್ಲೆಂಡಿನೊಡನೆ ಯುದ್ಧ ನಡೆದಿದ್ದಾಗ ಅಮೆರಿಕದ ಹಡಗೊಂದು ವಶಪಡಿಸಿಕೊಂಡಿದ್ದ, ಐರ್ಲೆಂಡಿನ ವಿಜ್ಞಾನಿ ಕಿರ್ವನ್ನನ ಪುಸ್ತಕಭಂಡಾರ ಆ ಊರಿನಲ್ಲಿತ್ತು. ಅದರ ಬಾಗಿಲು ಈ ಹುಡುಗನಿಗೆ ತೆರೆಯಿತು. ನ್ಯೂಟನ್ನನ ‘ಪ್ರಿನ್ಸಿಪಿಯಾ’ವನ್ನು ಓದಬೇಕೆಂದು ಲ್ಯಾಟಿನ್ ಕಲಿತನು, ಫ್ರೆಂಚನ್ನೂ ಸ್ವಂತ ಶ್ರಮದಿಂದಲೇ ಸಾಧಿಸಿದನು. ಮುಂದೆ ಐದು ಸಲ ಸಮುದ್ರಯಾನ ಮಾಡಿ, ನಾವಿಕರಿಗಾಗಿ 1802ರಲ್ಲಿ ಪ್ರಕಟಿಸಿದ ಕೈಪಿಡಿಯಿಂದ ಹೆಸರಾದನು.

ಲಾಪ್ಲಾಸನ ನಾಲ್ಕು ಸಂಪುಟಗಳನ್ನು ಇಂಗ್ಲಿಷಿಗೆ ತಂದದ್ದು ವಿಮಾ ಕಂಪೆನಿಯ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ. ಮೂಲದಲ್ಲಿ ಆ ‘ಸುಲಭ’ ಕಂಡಲ್ಲೆಲ್ಲ ತನಗೆ ಗಂಟೆಗಟ್ಟಲೆ ದುಡಿಮೆ ಕಾದಿದೆಯೆಂದು ಆತನು ಹೇಳುತ್ತಿದ್ದನಂತೆ. ಬಿಟ್ಟುಹೋದ ಹೆಜ್ಜೆಗಳನ್ನೆಲ್ಲ ಅಡಿಟಿಪ್ಪಣಿಗಳಲ್ಲಿ ತುಂಬಿದುದರಿಂದ ಗ್ರಂಥದ ಗಾತ್ರ ಇಮ್ಮಡಿಗೂ ಮಿಕ್ಕಿತು. ಬೇರೆ ಗಣಿತಜ್ಞರಿಂದ ಪಡೆದುದಕ್ಕೆ ಲಾಪ್ಲಾಸನು ಹೆಸರು ಹೇಳದೆ ಬಿಟ್ಟ ಕಡೆಗಳಲ್ಲಿ ಅವರ ಹೆಸರನ್ನೂ ಸೇರಿಸಿದನು. ಇದು ನಮಗೆ ಅನುವಾದಕ್ಕಿಂತ ಹೆಚ್ಚಾಗಿ, ಸೂತ್ರಕ್ಕೆ ಬರೆದ ಭಾಷ್ಯದಂತೆ ತೋರುತ್ತದೆ; ಆರ್ಯಭಟೀಯಕ್ಕೆ 629ರಲ್ಲಿ ಒಂದನೆಯ ಭಾಸ್ಕರನು ಬರೆದ ಭಾಷ್ಯ ಇದೇ ಜಾತಿಯದು.

ಸ್ಕಾಟ್ಲೆಂಡಿನ ಮೇರಿ ಸಾಮರ್ವಿಲ್ ಬೇರೊಂದು ದಾರಿ ಹಿಡಿದರು. ಅದೇ ಲಾಪ್ಲಾಸನನ್ನು ಆಧರಿಸಿ ಅವರು 1831ರಲ್ಲಿ ಹೊರತಂದ ಪುಸ್ತಕ ಕೇಂಬ್ರಿಜಿನ ವಿದ್ಯಾರ್ಥಿಗಳ ಕೈಗೆ ಹೋಯಿತು. ಅದು ಚೆಲುವಾದ ಕೃತಿ, ನಿಜ. ಆದರೆ ಸಾಲುಸಾಲಾಗಿ ಕೈಹಿಡಿದು ನಡೆಸುವವನು ಬೌಡಿಚ್‌ನೇ.

ಅಚ್ಚಿನ ವೆಚ್ಚವನ್ನೂ ಆತನೇ ಹೊತ್ತನು. ಸಂಪುಟಗಳು 1829, 1832, 1834ರಲ್ಲಿ ಹೊರಬಂದವು. ಅವುಗಳ ಕರಡು ಅಚ್ಚುಗಳನ್ನು ತಿದ್ದಿ ಪಳಗಿದ ತರುಣ ಬೆಂಜಮಿನ್ ಪಿಯರ್ಸನು ಹಾರ್ವರ್ಡಿನಲ್ಲಿ ಗಣಿತದ ಪ್ರಾಧ್ಯಾಪಕನಾದನು. ನಾಲ್ಕನೆಯ ಸಂಪುಟ ಅಚ್ಚಿನಲ್ಲಿರುವಾಗಲೇ, 1838ರ ಮಾರ್ಚ್ ತಿಂಗಳಲ್ಲಿ ಬೌಡಿಚ್ ತೀರಿಕೊಂಡನು. ಅದು ಬೆಳಕು ಕಂಡದ್ದು 1839ರಲ್ಲಿ. ಲಾಪ್ಲಾಸನು 1825ರಲ್ಲಿ ಮುಗಿಸಿದ ಐದನೆಯ ಸಂಪುಟಕ್ಕೆ ಈತನ ಟೀಕೆ ದೊರೆಯಲಿಲ್ಲ.