ಅಲೆಯುವ ಅಲೆ

ದಾಬಸ್‌ಪೇಟೆಯಲ್ಲಿ ‘ಅಲೆ’ ಕಿವಿಗೆ ಬೀಳುವುದು ಕ್ರಿಯಾಪದವಾಗಿ. ‘ಒಂದು ಖಾತೆಗೆ ಎಷ್ಟು ಅಲೀಬೇಕಣ್ಣ’ ಎನ್ನುವ ರೈತ, ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಾಗಿ ಗೇಟಿಂದ ಗೇಟಿಗೆ ಅಲೆಯುವ ಹುಡುಗ. ಕಡಲು ಕಾಣದವರಿಗೂ ಈ ಅಲೆತ ಗೊತ್ತು.

ಕನ್ನಡದಂತೆ ತಮಿಳಿನ ‘ಅಲೈ’ಗೂ ಈ ಎರಡು ಅರ್ಥಗಳುಂಟು: ತಿರುಗಾಡು, ನೀರಿನ ತೆರೆ. ಹಳಗನ್ನಡದಲ್ಲಿ ‘ಅಲೆ’ ಎಂದರೆ ಬಡಿ, ಪೀಡಿಸು ಎಂದೂ ಇತ್ತು. ವಿಜ್ಞಾನ ಬಂದಾಗ ಪಠ್ಯಪುಸ್ತಕ ಸಂಸ್ಕೃತದ ‘ತರಂಗ’ವನ್ನು ಆರಿಸಿಕೊಂಡಿತು. ‘ಅಲೆ’ ಪತ್ರಿಕೆಗಳ ಪಾಲಾಯಿತು: 1970ರ ‘ಸಂಸ್ಕಾರ’ದಿಂದೀಚೆಗೆ ಹೊಸ ಅಲೆಯ ಸಿನಿಮಾ, ಐದು ವರ್ಷಕ್ಕೊಮ್ಮೆ ಚುನಾವಣೆಯ ಅಲೆ, 2021ರಲ್ಲಿ ಕೋವಿಡ್‌ನ ಎರಡನೇ ಅಲೆ.

ನನಗೇನೋ ಶಬ್ದಕ್ಕೆ ‘ಅಲೆ’ಯೇ ಒಪ್ಪುತ್ತದೆ. ಶಬ್ದ ಸಾಗುವಾಗ ಮಾಧ್ಯಮ ಒಂದೆಡೆ ದಟ್ಟ, ಒಂದೆಡೆ ವಿರಳ. ಬೆಳಕು ಅದನ್ನು ಹಾಯುವಾಗ ದಾರಿ ಬದಲಿಸುತ್ತದೆ. ಇದರ ಪ್ರಮುಖ ಸಿದ್ಧಾಂತವೊಂದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935ರಿಂದ ಈ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದರು.

ಶಬ್ದದ ಅಲೆ ಬೆಳಕಿನ ದಾರಿ ಬದಲಿಸುವ ಈ ಸಂಗತಿಯೇ ಬಿಟ್ಟುಬಿಟ್ಟು ಮಿಡಿಯುವ ಅನಿಲ ಲೇಸರ್‌ಗೆ ತಲೆನೋವು. ಎಕ್ಸೈಮರ್ ಲೇಸರನ್ನೇ ನೋಡಿ. ಕಣ್ಣಿನ ಲಾಸಿಕ್ ಚಿಕಿತ್ಸೆಯಲ್ಲೂ ಚಿಪ್ ತಯಾರಿಕೆಯಲ್ಲೂ ಬಳಕೆಯಾಗುವುದು ಇದು. ಎರಡು ಉದ್ದನೆಯ ವಿದ್ಯುದ್ವಾರಗಳ ನಡುವೆ ವಿದ್ಯುತ್ ಚಿಮ್ಮಿ ಕ್ಷಣಾರ್ಧಕ್ಕೂ ಎಷ್ಟೋ ಮೊದಲೇ ಮುಗಿಯುತ್ತದೆ. ಅಷ್ಟರಲ್ಲಿ ಗ್ಯಾಸ್ ಕಾದು, ಒತ್ತಡ ಏರಿ, ಶಬ್ದದ ಅಲೆ ಹೊರಡುತ್ತದೆ. ಗೋಡೆಗೆ ಬಡಿಯುತ್ತದೆ, ಮರಳುತ್ತದೆ, ಮತ್ತೆ ಬಡಿಯುತ್ತದೆ. ಚಿಪ್‌ಗೆ ಬಳಸುವ ಲೇಸರ್ ಸೆಕೆಂಡಿಗೆ 6,000 ಸಲ ಮಿಡಿದರೆ ನಡುವಿನ ಬಿಡುವು ಸುಮಾರು 167 ಮೈಕ್ರೊಸೆಕೆಂಡು. ಒಳಗಿನ ಗ್ಯಾಸ್‌ನಲ್ಲಿ ನಿಯಾನ್‌ದೇ ಹೆಚ್ಚು ಪಾಲು. ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 450 ಮೀಟರ್. ಅಂದರೆ ಆ ಬಿಡುವಿನಲ್ಲಿ ಅಲೆ ಏಳೂವರೆ ಸೆಂಟಿಮೀಟರ್ ಓಡುತ್ತದೆ. ಅದರ ಅರ್ಧದಷ್ಟು, ಸುಮಾರು ಮೂರೂಮುಕ್ಕಾಲು ಸೆಂಟಿಮೀಟರ್ ದೂರದಲ್ಲಿ ಗೋಡೆಯಿದ್ದರೆ, ಅಲೆ ಮುಂದಿನ ಮಿಡಿತಕ್ಕೆ ಸರಿಯಾಗಿ ಮರಳಿ ಬಂದು ಪೀಡಿಸುತ್ತದೆ! ಹಳಗನ್ನಡದ ಅರ್ಥ ಇಲ್ಲಿ ಪೂರ್ತಿ ಕೂಡುತ್ತದೆ.

ಗ್ಯಾಸ್ ವಿರಳವಾದ ಕಡೆ ವಿದ್ಯುತ್ ನುಗ್ಗಿ ಕಿಡಿಯಾಗುತ್ತದೆ, ಕಿರಣ ಹರಡುತ್ತದೆ, ಒಂದು ಮಿಡಿತದ ಶಕ್ತಿ ಇನ್ನೊಂದಕ್ಕಿರುವುದಿಲ್ಲ. ಅದಕ್ಕೇ ಎಂಜಿನಿಯರುಗಳು ಒಳಗೋಡೆಗೆ ಶಬ್ದ ಹೀರುವ ರಂಧ್ರಭರಿತ ಪದರ ಹಾಕುತ್ತಾರೆ, ಮೈಯನ್ನು ಓರೆಯಾಗಿಸುತ್ತಾರೆ, ಫ್ಯಾನ್ ಇಟ್ಟು ಬಿಸಿ ಗ್ಯಾಸನ್ನು ತಳ್ಳುತ್ತಾರೆ. ಕೆಲವೊಮ್ಮೆ ಮಿಡಿತದ ವೇಗವನ್ನು ತುಸು ಹೆಚ್ಚುಕಡಿಮೆ ಮಾಡಿದರೂ ಸಾಕು, ಅಲೆಗೆ ಹೊತ್ತು ತಪ್ಪುತ್ತದೆ.